ಯಾವ ಅಲೆ, ಯಾರ ಊರಿಗೆ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಬದಿಯ ವಸಂತನರಸಾಪುರ ಇವತ್ತು ಹೊರಗಿನವರಿಗೆ ಗೊತ್ತಿರುವುದು ಅಲ್ಲಿನ ಕೈಗಾರಿಕಾ ಪ್ರದೇಶದ ಹೆಸರಿನಲ್ಲಿ. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಹಂತಹಂತವಾಗಿ ಬೆಳೆಸಿದ ನಿವೇಶನಗಳು, 2014ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಫುಡ್ ಪಾರ್ಕ್, ಮೆಷಿನ್ ಟೂಲ್ ಪಾರ್ಕ್, 2023ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾದ 8,484 ಎಕರೆಯ ಕೈಗಾರಿಕಾ ಟೌನ್‌ಶಿಪ್ ಇವೆಲ್ಲ ಸೇರಿ ಅದನ್ನು ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಮುಖ್ಯ ಠಾಣೆಯನ್ನಾಗಿ ಮಾಡಿವೆ. ಕಾಂಪೌಂಡಿನ ಒಳಗೆ ಯಂತ್ರಗಳು ಯಂತ್ರಗಳೊಂದಿಗೆ ಮಾತಾಡಬೇಕು. ಅಲ್ಲಿ ಬೇಕಾದದ್ದು ಕೆಲವೇ ಎಕರೆಯಲ್ಲಿ ಅಪಾರ ವೇಗ. ಕಾಂಪೌಂಡಿನ ಹೊರಗೆ ರಾಗಿ ಹೊಲ, ತೆಂಗಿನ ತೋಟ, ಚದುರಿದ ಹಳ್ಳಿಗಳು. ಅಲ್ಲಿ ನ್ಯಾಯಬೆಲೆ ಅಂಗಡಿಯ ಹೆಬ್ಬೆರಳಿನ ಯಂತ್ರಕ್ಕೆ, ತೋಟದಲ್ಲಿರುವ ರೈತನ ಫೋನಿಗೆ, ರಾತ್ರಿ ಆಂಬುಲೆನ್ಸ್ ಕರೆಯುವ ಮನೆಗೆ ಬೇಕಾದದ್ದು ಮೊದಲು ಸಿಗ್ನಲ್, ಆಮೇಲೆ ವೇಗ. ಈ ಎರಡು ಬೇಡಿಕೆಗಳನ್ನು ಒಂದೇ ಆವರ್ತನದಿಂದ ಚೆನ್ನಾಗಿ ಪೂರೈಸಲು ನಿಸರ್ಗದ ನಿಯಮ ಬಿಡುವುದಿಲ್ಲ. ಹಾಗಾದರೆ ಯಾವ ಅಲೆಯನ್ನು ಯಾರಿಗಾಗಿ ಬಳಸಬೇಕು? ಕರ್ನಾಟಕದಲ್ಲಿ ಈ ಪ್ರಶ್ನೆಗೆ ತೊಂಬತ್ತು ವರ್ಷಗಳ ಚರಿತ್ರೆಯಿದೆ. ಅದನ್ನು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ದೂರ ಮತ್ತು ವೇಗದ ನಡುವಿನ ಕೊಡುಕೊಳ್ಳುವಿಕೆಯನ್ನು ಭೌತಶಾಸ್ತ್ರ ಗೊತ್ತು ಮಾಡಿದೆ, ಆದರೆ ಅದರಲ್ಲಿ ಲಾಭ ಯಾರಿಗೆ ನಷ್ಟ ಯಾರಿಗೆ ಎಂಬುದನ್ನು ಪ್ರತಿ ಕಾಲದಲ್ಲೂ ಗೊತ್ತು ಮಾಡಿದ್ದು ನಮ್ಮ ಕಾನೂನು, ನಮ್ಮ ಪರವಾನಗಿಯ ಷರತ್ತು.

ಮೊದಲು ಆ ಕೊಡುಕೊಳ್ಳುವಿಕೆಯನ್ನು ಸರಿಯಾಗಿ ತಿಳಿಯಬೇಕು. ಎತ್ತರದ ಆವರ್ತನದ ಅಲೆ ಗಾಳಿಯಲ್ಲಿ ಬೇಗ ಸವೆಯುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಮೊಬೈಲ್ ಫೋನು ಬಳಸುವ ಆವರ್ತನಗಳಲ್ಲಿ ಗಾಳಿಯ ಪಾತ್ರ ಬಹಳ ಸಣ್ಣದು. ಆವರ್ತನ ಹೆಚ್ಚಿದಷ್ಟೂ ಅಲೆಯ ಉದ್ದ ಕಡಿಮೆ, ಅದಕ್ಕೆ ತಕ್ಕಂತೆ ಆಂಟೆನಾವೂ ಚಿಕ್ಕದು. ಚಿಕ್ಕ ಆಂಟೆನಾ ಹಿಡಿದುಕೊಳ್ಳುವ ಶಕ್ತಿಯೂ ಕಡಿಮೆ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್, 3,500 ಮೆಗಾಹರ್ಟ್ಸ್‌ನದು ಸುಮಾರು ಎಂಟೂವರೆ. ಆವರ್ತನ ಐದು ಪಟ್ಟಾದಾಗ, ಒಂದೇ ಬಗೆಯ ಆಂಟೆನಾಗಳ ನಡುವೆ, ಅಷ್ಟೇ ದೂರದಲ್ಲಿ ಕೈಗೆ ಸಿಗುವ ಶಕ್ತಿ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದರ ಮೇಲೆ ಗೋಡೆ, ಎಲೆ, ದಿಬ್ಬಗಳ ಕಾಟ ಬೇರೆ. ಉದ್ದದ ಅಲೆ ಅಡ್ಡಿಯನ್ನು ಬಳಸಿ ಬಾಗಿ ಮುಂದೆ ಹೋಗುತ್ತದೆ, ಗಿಡ್ಡ ಅಲೆ ಅಡ್ಡಿಯ ಹಿಂದೆ ನೆರಳು ಬಿಡುತ್ತದೆ. ವೇಗದ ಮಾತಿಗೆ ಬಂದರೆ, ಅಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಆವರ್ತನ ಎತ್ತರವಾದ ಮಾತ್ರಕ್ಕೆ ವೇಗ ಬರುವುದಿಲ್ಲ. ವೇಗವನ್ನು ನಿರ್ಧರಿಸುವುದು ಸಿಗುವ ಪಟ್ಟಿಯ ಅಗಲ ಮತ್ತು ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟವಾಗಿದೆ ಎಂಬುದು. ಕ್ಲಾಡ್ ಶಾನನ್ 1948ರಲ್ಲಿ ಗಣಿತದಿಂದ ತೋರಿಸಿದ್ದು ಇದನ್ನೇ. ಆದರೆ ಅಗಲವಾದ ಪಟ್ಟಿಗೆ ಜಾಗ ಇರುವುದು ಮೇಲಿನ ಆವರ್ತನಗಳಲ್ಲಿ ಮಾತ್ರ. ಮಧ್ಯಮ ತರಂಗದ ಬಾನುಲಿ ಪಟ್ಟಿ 531ರಿಂದ 1,602 ಕಿಲೋಹರ್ಟ್ಸ್‌ವರೆಗೆ. ಒಂಬತ್ತು ಕಿಲೋಹರ್ಟ್ಸ್‌ಗೊಂದು ಎಂದು ಅಲ್ಲಿ 120 ನಿಲ್ದಾಣಗಳಿಗೆ ಸ್ಥಾನ. ಈ 120 ಸ್ಥಾನಗಳನ್ನೂ ಒಟ್ಟಿಗೆ ಜೋಡಿಸಿದರೆ ಒಂದು ಮೆಗಾಹರ್ಟ್ಸ್‌ಗಿಂತ ತುಸು ಹೆಚ್ಚಾಗುತ್ತದೆ ಅಷ್ಟೆ. ಮೂರನೇ ತಲೆಮಾರಿನ ಮೊಬೈಲಿನ ಒಂದೇ ಚಾನೆಲ್‌ಗೆ ಐದು ಮೆಗಾಹರ್ಟ್ಸ್ ಬೇಕು, ನಾಲ್ಕನೆಯದಕ್ಕೆ ಇಪ್ಪತ್ತರವರೆಗೆ, ಐದನೆಯದಕ್ಕೆ 3,300 ಮೆಗಾಹರ್ಟ್ಸ್‌ನ ಸುತ್ತಮುತ್ತ ನೂರರವರೆಗೆ. ಕೆಳಗೆ ದೂರವಿದೆ, ಜಾಗವಿಲ್ಲ. ಮೇಲೆ ಜಾಗವಿದೆ, ದೂರವಿಲ್ಲ.

ಕರ್ನಾಟಕದ ನಿಸ್ತಂತು ಚರಿತ್ರೆ ಶುರುವಾದದ್ದು ಕೆಳಗಿನ ತುದಿಯಿಂದ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಪ್ರಸಾರ ಯಂತ್ರವಿಟ್ಟು 'ಆಕಾಶವಾಣಿ' ನಡೆಸಿದರು. ಇವತ್ತಿನ ಒಂದು ಎಲ್‌ಇಡಿ ಟ್ಯೂಬ್‌ಲೈಟು ಬಳಸುವುದಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿ ಅದು. ಆಮೇಲೆ 250 ವಾಟ್‌ನ ಯಂತ್ರ ಬಂತು, ಮೈಸೂರು ಸಂಸ್ಥಾನ ನಿಲ್ದಾಣದ ಹೊಣೆ ಹೊತ್ತುಕೊಂಡಿತು, ಸ್ವಾತಂತ್ರ್ಯಾನಂತರ ಅದು ಭಾರತ ಸರ್ಕಾರದ ಬಾನುಲಿಗೆ ಸೇರಿತು. 1950ರಲ್ಲಿ ಧಾರವಾಡದಲ್ಲಿ ನಿಲ್ದಾಣ ಆರಂಭವಾಯಿತು. 1955ರಲ್ಲಿ ಮೈಸೂರಿನ ನಿಲ್ದಾಣ ಬೆಂಗಳೂರಿಗೆ ಬಂತು. ಕಾಲಕ್ರಮದಲ್ಲಿ ಬೆಂಗಳೂರು 612 ಕಿಲೋಹರ್ಟ್ಸ್‌ನಲ್ಲಿ, ಧಾರವಾಡ 765ರಲ್ಲಿ, ಎರಡೂ 200 ಕಿಲೋವಾಟ್ ಶಕ್ತಿಯಲ್ಲಿ ಪ್ರಸಾರ ಮಾಡುವಂತಾದವು. 612 ಕಿಲೋಹರ್ಟ್ಸ್ ಅಲೆಯೊಂದರ ಉದ್ದ ಹೆಚ್ಚು ಕಡಿಮೆ 490 ಮೀಟರ್. ಅರ್ಧ ಕಿಲೋಮೀಟರ್ ಉದ್ದದ ಇಂಥ ಅಲೆ ನೆಲವನ್ನೇ ಹಿಡಿದು ಸಾಗುತ್ತದೆ. ಶಿವಗಂಗೆಯ ಬಂಡೆಯಾಗಲಿ ದೇವರಾಯನದುರ್ಗದ ಸಾಲಾಗಲಿ ಅದನ್ನು ತಡೆಯಲಾರವು. ಆದ್ದರಿಂದಲೇ ಗುಬ್ಬಿಯ ಹಳ್ಳಿಯಲ್ಲೂ ಕುಣಿಗಲ್ಲಿನ ಹಳ್ಳಿಯಲ್ಲೂ ಒಂದು ಸಾಧಾರಣ ಟ್ರಾನ್ಸಿಸ್ಟರಿಗೆ ಪ್ರದೇಶ ಸಮಾಚಾರ, ಕೃಷಿ ಕಾರ್ಯಕ್ರಮ, ಮಳೆಯ ಮುನ್ಸೂಚನೆ ಸಿಕ್ಕಿದವು. ಕೇಳುವವನ ಊರು ದೊಡ್ಡದೋ ಚಿಕ್ಕದೋ ಎಂಬುದು ಆ ಅಲೆಗೆ ಲೆಕ್ಕಕ್ಕೇ ಬರಲಿಲ್ಲ. ಅದರ ಬೆಲೆಯನ್ನೂ ಮರೆಯಬಾರದು: ಒಂಬತ್ತು ಕಿಲೋಹರ್ಟ್ಸ್‌ನಲ್ಲಿ ಹಿಡಿಸಿದ್ದು ಒಂದೇ ಧ್ವನಿ, ಅದೂ ಒಂದೇ ದಿಕ್ಕಿಗೆ. ಲಕ್ಷಾಂತರ ಜನರನ್ನು ಮುಟ್ಟಿದ ಅಲೆ ಅವರಲ್ಲಿ ಒಬ್ಬರಿಗೂ ಮರಳಿ ಮಾತಾಡುವ ಅವಕಾಶ ಕೊಡಲಿಲ್ಲ.

ಎತ್ತರದ ಆವರ್ತನವೆಂದರೆ ನಗರದ ಆವರ್ತನ ಎಂಬ ನಂಬಿಕೆ ಇಲ್ಲಿಂದಲೇ ಹುಟ್ಟಿರಬಹುದು. ಆದರೆ ಅದನ್ನು ಸುಳ್ಳು ಮಾಡಿದ ಪ್ರಯೋಗವೂ ಕರ್ನಾಟಕದಲ್ಲೇ ನಡೆದಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಎಟಿಎಸ್–6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳನ್ನು ಕಳಿಸಲಾಯಿತು. 'ಸೈಟ್' ಎಂಬ ಹೆಸರಿನ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡದ್ದು ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳನ್ನು. ಬಳಸಿದ ಆವರ್ತನ 860 ಮೆಗಾಹರ್ಟ್ಸ್, ಅಂದರೆ ಮುಂದೆ ಮೊಬೈಲ್ ಫೋನುಗಳು ಬಂದು ನೆಲೆಸಿದ ನೆರೆಹೊರೆ. ಬೆಂಗಳೂರಿನಲ್ಲೇ ದೂರದರ್ಶನ ಕೇಂದ್ರ ಇಲ್ಲದ ಕಾಲದಲ್ಲಿ ರಾಯಚೂರಿನ ಹಳ್ಳಿಯ ಜನ ಶಾಲೆಯ ಮುಂದೆ ಕೂತು ಟಿವಿ ನೋಡಿದರು. ಕೋಳಿ ಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ ಆ ಅಲೆಯನ್ನು ಹಿಡಿದು ಕೊಟ್ಟಿತು. ಆಂಟೆನಾ ದೊಡ್ಡದಾದರೆ ಎತ್ತರದ ಆವರ್ತನದ ಕೊರತೆಯನ್ನು ತುಂಬಬಹುದು. ಆಂಟೆನಾವನ್ನು ಹಳ್ಳಿಯಲ್ಲಿ ನಿಲ್ಲಿಸುವ ನಿರ್ಧಾರವನ್ನು ಮಾತ್ರ ಯಾರಾದರೂ ಮಾಡಬೇಕು. ಇದಕ್ಕೆ ತದ್ವಿರುದ್ಧವಾದ ಪಾಠ ಎಫ್‌ಎಂನದು. 100 ಮೆಗಾಹರ್ಟ್ಸ್ ಆಸುಪಾಸಿನ ಮೂರು ಮೀಟರ್ ಅಲೆಯಲ್ಲಿ ಒಂದು ನಿಲ್ದಾಣಕ್ಕೆ 200 ಕಿಲೋಹರ್ಟ್ಸ್ ಅಗಲ ಸಿಕ್ಕಿ ಸಂಗೀತ ತಿಳಿಯಾಯಿತು, ಆದರೆ ಅದರ ವ್ಯಾಪ್ತಿ ಹೆಚ್ಚು ಕಡಿಮೆ ಕಣ್ಣಿಗೆ ಕಾಣುವಷ್ಟಕ್ಕೆ ಇಳಿಯಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಶುರುವಾದಾಗ ಪರವಾನಗಿ ಕೊಟ್ಟದ್ದೂ ನಗರದ ಲೆಕ್ಕದಲ್ಲೇ. ತುಮಕೂರಿನಲ್ಲಿ 90.8 ಮೆಗಾಹರ್ಟ್ಸ್‌ನ ರೇಡಿಯೊ ಸಿದ್ಧಾರ್ಥದಂಥ ಸಮುದಾಯ ಬಾನುಲಿಗೆ ಅವಕಾಶ ಸಿಕ್ಕಿತು ನಿಜ, ಆದರೆ ಸಮುದಾಯ ಬಾನುಲಿಯ ಪ್ರಸಾರ ಶಕ್ತಿಗೆ ನಿಯಮ ಹಾಕಿದ ಸಾಮಾನ್ಯ ಮಿತಿ 100 ವಾಟ್. ಅದು ಮುಟ್ಟುವುದು ಹತ್ತು ಹನ್ನೆರಡು ಕಿಲೋಮೀಟರ್. ಪಾವಗಡದ ದೂರ ಅದಕ್ಕೆ ಎಟಕದು.

ಮೊಬೈಲ್ ಫೋನಿನ ಚರಿತ್ರೆಯಲ್ಲಿ ಈ ಸಂಗತಿ ಇನ್ನೂ ಬಿಚ್ಚಿ ಕಾಣುತ್ತದೆ. 1994ರ ದೂರಸಂಪರ್ಕ ನೀತಿಯ ನಂತರ ಕರ್ನಾಟಕ ವಲಯಕ್ಕೆ ಪರವಾನಗಿ ಪಡೆದ ಮೊದಲ ಎರಡು ಕಂಪನಿಗಳಿಗೆ ಸಿಕ್ಕಿದ್ದು 900 ಮೆಗಾಹರ್ಟ್ಸ್. 2001ರಲ್ಲಿ ನಾಲ್ಕನೇ ಕಂಪನಿಗೆ ಪರವಾನಗಿ ಕೊಡುವ ಹೊತ್ತಿಗೆ ಕೆಳಗೆ ಜಾಗ ಮುಗಿದು ಅದು 1,800 ಮೆಗಾಹರ್ಟ್ಸ್‌ಗೆ ಏರಬೇಕಾಯಿತು. ಅಲೆಯ ಉದ್ದ ಅರ್ಧವಾದರೆ ಅದೇ ಪ್ರದೇಶ ತುಂಬಲು ಹೆಚ್ಚು ಟವರ್ ಬೇಕು, ಖರ್ಚು ಏರುತ್ತದೆ. ಹಾಗಾಗಿ ಜನ ಒತ್ತಾಗಿರುವಲ್ಲಿ ಮೊದಲು ಟವರ್ ನಿಲ್ಲುತ್ತದೆ. ಇಷ್ಟಾದರೂ ಪರವಾನಗಿಯ ಷರತ್ತು ಹಳ್ಳಿಯ ಪರವಾಗಿ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು. ಆ ಷರತ್ತು ಹೇಳಿದ್ದು ಇಷ್ಟು: ಮೊದಲ ವರ್ಷ ಶೇ 10ರಷ್ಟು, ಮೂರು ವರ್ಷದೊಳಗೆ ಶೇ 50ರಷ್ಟು ಜಿಲ್ಲಾ ಕೇಂದ್ರಗಳನ್ನು ಮುಟ್ಟಬೇಕು, ಜಿಲ್ಲಾ ಕೇಂದ್ರದ ಬದಲು ಜಿಲ್ಲೆಯ ಬೇರೆ ಪಟ್ಟಣವಾದರೂ ನಡೆಯುತ್ತದೆ, ಪಟ್ಟಣವನ್ನು ಮುಟ್ಟುವುದೆಂದರೆ ಪುರಸಭೆಯ ಗಡಿಯೊಳಗಿನ ಶೇ 90ರಷ್ಟು ಜಾಗದಲ್ಲಿ ಬೀದಿಯ ಮಟ್ಟದ ಸಿಗ್ನಲ್. ಏಕೀಕೃತ ಪರವಾನಗಿಯಲ್ಲಂತೂ ಗ್ರಾಮೀಣ ಪ್ರದೇಶವನ್ನು ಮುಟ್ಟುವುದು ಕಡ್ಡಾಯವಲ್ಲ ಎಂದೇ ಬರೆದಿತ್ತು. ಅಂದರೆ ತುಮಕೂರು ನಗರದ ಗಡಿಯೊಳಗೆ ಸಿಗ್ನಲ್ ಇದ್ದರೆ ಇಡೀ ತುಮಕೂರು ಜಿಲ್ಲೆಯ ಹೊಣೆ ತೀರಿತು; ಹತ್ತು ತಾಲ್ಲೂಕುಗಳ ಹಳ್ಳಿಗಳು ಕಂಪನಿಯ ವ್ಯಾಪಾರ ಬುದ್ಧಿಗೆ ಬಿಟ್ಟದ್ದು. ನೆಲ ಹಿಡಿದು ಎಲ್ಲರ ಮನೆಗೂ ಹೋಗುತ್ತಿದ್ದ ಅಲೆಯ ಕಾಲ ಮುಗಿದು, ಪುರಸಭೆಯ ಗಡಿಯಲ್ಲಿ ನಿಲ್ಲಬಹುದಾದ ಅಲೆಯ ಕಾಲ ಬಂದಿತ್ತು. ಮುಂದಿನ ಹರಾಜುಗಳಲ್ಲಿ ಷರತ್ತು ಬ್ಲಾಕ್ ಕೇಂದ್ರಗಳ ಒಂದು ಪಾಲಿನವರೆಗೆ ಇಳಿಯಿತು. ಅದು ಒಳ್ಳೆಯ ಹೆಜ್ಜೆಯೇ, ಆದರೂ ಬ್ಲಾಕ್ ಕೇಂದ್ರ ಹಳ್ಳಿಯಲ್ಲ.

ಅಲ್ಲಿಂದ ಮುಂದೆ ಏಣಿ ಮೇಲಕ್ಕೇ ಹೋಯಿತು. 2010ರ ಹರಾಜಿನಲ್ಲಿ ಮೂರನೇ ತಲೆಮಾರಿಗೆ 2,100 ಮೆಗಾಹರ್ಟ್ಸ್, ಬ್ರಾಡ್‌ಬ್ಯಾಂಡಿಗೆ 2,300. ಆ 2,300ರ ಮೇಲೆ 2012ರ ಮೇ ತಿಂಗಳಲ್ಲಿ ಬೆಂಗಳೂರಿಗೆ 4ಜಿ ಬಂದಾಗ ಕರ್ನಾಟಕದ ಉಳಿದ ಊರುಗಳು ಕಾಯುತ್ತ ಕೂತವು. ಇದೇ ಹೊತ್ತಿನಲ್ಲಿ ಹಳ್ಳಿಗೆ ಹೇಳಿ ಮಾಡಿಸಿದ 700 ಮೆಗಾಹರ್ಟ್ಸ್‌ನ ಗತಿ ಏನಾಯಿತು ನೋಡಿ. 2016ರ ಹರಾಜಿನಲ್ಲಿ ಅದರ ಮೀಸಲು ಬೆಲೆ ಮೆಗಾಹರ್ಟ್ಸ್‌ಗೆ 11,485 ಕೋಟಿ ರೂಪಾಯಿ, ಯಾರೂ ಕೊಳ್ಳಲಿಲ್ಲ. 2021ರಲ್ಲಿ 6,568 ಕೋಟಿಗೆ ಇಳಿಸಿದರು. ಆಗಲೂ ಯಾರೂ ಕೊಳ್ಳಲಿಲ್ಲ. 2022ರಲ್ಲಿ 3,927 ಕೋಟಿಗೆ ಬಂದಾಗ ಒಂದು ಕಂಪನಿ 10 ಮೆಗಾಹರ್ಟ್ಸ್ ಕೊಂಡಿತು. ಮೊದಲ ಹರಾಜಿನಿಂದ ಮೂರನೆಯದರವರೆಗೆ ಸುಮಾರು ಆರು ವರ್ಷ, ಅತಿ ದೂರ ಹೋಗಬಲ್ಲ ಮೊಬೈಲ್ ಅಲೆ ಹಳ್ಳಿಗಳ ಪಾಲಿಗೆ ಬಳಕೆಯಿಲ್ಲದೆ ಉಳಿಯಿತು. ಬಳಸದ ಅಲೆಯನ್ನು ಕೂಡಿಟ್ಟು ನಾಳೆ ಎರಡು ಪಟ್ಟು ಬಳಸಲಾಗುವುದಿಲ್ಲ. ಖಾಲಿ ಹೋದ ವರ್ಷ ಖಾಲಿಯೇ. ಖಜಾನೆಗೆ ಬರುವ ಹಣವೊಂದನ್ನೇ ನೋಡಿ ಬೆಲೆ ಕಟ್ಟಿದ್ದರ ನಷ್ಟವನ್ನು ಹೊತ್ತವರು ಟವರಿನಿಂದ ದೂರವಿದ್ದ ಜನ.

ತುಮಕೂರಿನ ನೆಲಕ್ಕೆ ಈ ಲೆಕ್ಕವನ್ನು ಹಚ್ಚಿದರೆ ವಿಷಯದ ತೂಕ ತಿಳಿಯುತ್ತದೆ. ಜಿಲ್ಲೆಯ ವಿಸ್ತೀರ್ಣ 10,597 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಾಂದ್ರತೆ ಚದರ ಕಿಲೋಮೀಟರಿಗೆ 253, ಬೆಂಗಳೂರು ನಗರ ಜಿಲ್ಲೆಯದು ನಾಲ್ಕು ಸಾವಿರಕ್ಕೂ ಮೀರಿದ್ದು. ಒಂದು ಟವರ್ ತನ್ನ ಸುತ್ತ ಐದು ಕಿಲೋಮೀಟರ್ ದೂರದವರೆಗಿನ ಊರುಗಳನ್ನು ಮುಟ್ಟುತ್ತದೆ ಎಂದುಕೊಂಡರೆ ಜಿಲ್ಲೆಗೆ ಕನಿಷ್ಠ 135 ಟವರ್ ಸಾಕು. ಒಂದೇ ಕಿಲೋಮೀಟರ್ ಮುಟ್ಟಿದರೆ 3,373 ಬೇಕು. ದೂರ ಐದನೇ ಒಂದು ಪಾಲಾದರೆ ಟವರುಗಳ ಸಂಖ್ಯೆ ಇಪ್ಪತ್ತೈದು ಪಟ್ಟಾಗುತ್ತದೆ. ಇದು ಬಟ್ಟ ಬಯಲಿನ ಲೆಕ್ಕ. ಇಲ್ಲಿನ ನೆಲ ಅಷ್ಟು ಸಲೀಸಲ್ಲ. ಹುಲಿಯೂರುದುರ್ಗ, ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲೆ ಇವೆಲ್ಲ ಗಿಡ್ಡ ಅಲೆಗಳಿಗೆ ಬೆನ್ನ ಹಿಂದೆ ನೆರಳು ಹಾಸುವ ಬಂಡೆಗಳು. ಗುಬ್ಬಿ, ತುರುವೇಕೆರೆ, ತಿಪಟೂರು, ಕುಣಿಗಲ್ ಕಡೆಯ ತೆಂಗು ಅಡಿಕೆ ತೋಟಗಳದು ಇನ್ನೊಂದು ಬಗೆಯ ಅಡ್ಡಿ. ಗರಿಯಲ್ಲೂ ಕಾಂಡದಲ್ಲೂ ನೀರು ತುಂಬಿದ ಮರಗಳು ಸಾಲುಸಾಲಾಗಿ ನಿಂತಾಗ ಅಲೆಯ ಶಕ್ತಿಯನ್ನು ಹೀರುತ್ತವೆ, ಆವರ್ತನ ಏರಿದಷ್ಟೂ ಹೆಚ್ಚು ಹೀರುತ್ತವೆ. ಮಳೆ ಬಿದ್ದು ಎಲೆ ನೆಂದಾಗ ಮತ್ತೂ ಹೆಚ್ಚು. ರಸ್ತೆಯಲ್ಲಿ ಸಿಗ್ನಲ್‌ನ ಗೆರೆಗಳು ತುಂಬಿದ್ದು ತೋಟದ ನಡುವಿನ ಮನೆಯಲ್ಲಿ ಒಂದೋ ಎರಡೋ ಉಳಿಯುವುದಕ್ಕೆ ಕಾರಣ ಇಲ್ಲಿದೆ. ಇಂಥ ನೆಲಕ್ಕೆ 3,300 ಮೆಗಾಹರ್ಟ್ಸ್ ಒಂದನ್ನೇ ತಂದು ಅಭಿವೃದ್ಧಿ ಆಯಿತು ಎನ್ನುವುದು ನಕ್ಷೆಗೆ ಬಣ್ಣ ಬಳಿದಂತೆ.

ಹಾಗೆಂದು ಎತ್ತರದ ಆವರ್ತನವನ್ನು ದೂರುವುದು ತಪ್ಪು. ವಸಂತನರಸಾಪುರದ ಶೆಡ್‌ಗಳ ಒಳಗೆ ಅದೇ ಸರಿಯಾದ ಸಾಧನ. ತಗಡಿನ ಗೋಡೆ, ತಗಡಿನ ಚಾವಣಿ ಹೊರಗಿನ ಟವರಿನ ಸಿಗ್ನಲ್ಲನ್ನು ಬಹುಮಟ್ಟಿಗೆ ಹೊರಗೇ ನಿಲ್ಲಿಸುತ್ತವೆ. ಹಾಗಾಗಿ ಒಳಗೇ ಚಿಕ್ಕ ಕೇಂದ್ರಗಳನ್ನು ಇಡಬೇಕು. ಆಗ ದೂರ ಹೋಗದಿರುವುದೇ ಗುಣವಾಗುತ್ತದೆ: ಒಂದು ಶೆಡ್ಡಿನ ಅಲೆ ಪಕ್ಕದ ಶೆಡ್ಡಿಗೆ ತೊಂದರೆ ಕೊಡುವುದು ಕಡಿಮೆ, ಅದೇ ಆವರ್ತನವನ್ನು ನೂರಿನ್ನೂರು ಮೀಟರ್ ಆಚೆ ಮತ್ತೆ ಬಳಸಬಹುದು. ವೈಫೈ ಬಳಸುವವರಿಗೆ ಇದರ ಚಿಕ್ಕ ರೂಪ ಪರಿಚಿತ. 2005ರಲ್ಲಿ ಪರವಾನಗಿಯಿಂದ ಬಿಡುಗಡೆಯಾದ 2.4 ಗಿಗಾಹರ್ಟ್ಸ್ ಇನ್ನೊಂದು ಕೋಣೆಗೂ ಹೋಗುತ್ತದೆ, ಆದರೆ ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಸಿಗುವುದು ಮೂರೇ. 2018ರಲ್ಲಿ ವಿಸ್ತಾರವಾಗಿ ತೆರೆದ 5 ಗಿಗಾಹರ್ಟ್ಸ್ ಗೋಡೆಗೆ ಸೋಲುತ್ತದೆ, ಚಾನೆಲ್‌ಗಳು ಮಾತ್ರ ಧಾರಾಳ. ಕಾರ್ಖಾನೆಗಳು ತಮ್ಮದೇ ಖಾಸಗಿ 5ಜಿ ಜಾಲ ಕಟ್ಟಿಕೊಳ್ಳಲು 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದ್ದೂ ಈ ತರ್ಕದ ಮೇಲೆಯೇ. ಕೈಗಾರಿಕೆಗೆ ಗಿಡ್ಡ ಅಲೆ, ಚದುರಿದ ಊರಿಗೆ ಉದ್ದದ ಅಲೆ: ಇಬ್ಬರ ಹಿತಕ್ಕೂ ಜಗಳವಿಲ್ಲ. ಹೆದ್ದಾರಿ ಪಕ್ಕದ ಟೌನ್‌ಶಿಪ್ಪಿಗೆ ಸಿಕ್ಕ ವೇಗವನ್ನೇ ಇಡೀ ತಾಲ್ಲೂಕಿನ ಸಂಪರ್ಕ ಎಂದು ಎಣಿಸಿದಾಗ ಮಾತ್ರ ಅನ್ಯಾಯ ಶುರುವಾಗುತ್ತದೆ.

ಈ ವಾದಕ್ಕೆ ಬಲವಾದ ಆಕ್ಷೇಪಗಳಿವೆ. ಕೆಳಗಿನ ಆವರ್ತನ ಕೊಟ್ಟ ಮಾತ್ರಕ್ಕೆ ಹಳ್ಳಿಗೆ ವೇಗ ಬಂದೀತೆ ಎಂಬುದು ಮೊದಲನೆಯದು. ಬರುವುದಿಲ್ಲ, ಅದನ್ನು ಒಪ್ಪಲೇಬೇಕು. ಐದು ಕಿಲೋಮೀಟರ್ ಮುಟ್ಟುವ ಟವರಿನ ಕೆಳಗೆ ತುಮಕೂರಿನ ಸಾಂದ್ರತೆಯಲ್ಲಿ ಸುಮಾರು 20,000 ಜನ ಇರುತ್ತಾರೆ. ಹತ್ತು ಮೆಗಾಹರ್ಟ್ಸ್‌ನ 4ಜಿ ಚಾನೆಲ್ ಎರಡು ಆಂಟೆನಾಗಳಿಂದ ಅತ್ಯುತ್ತಮ ಸ್ಥಿತಿಯಲ್ಲಿ ಕೊಡುವುದು ಸೆಕೆಂಡಿಗೆ 75 ಮೆಗಾಬಿಟ್. ಟವರಿನ ಮೂರು ದಿಕ್ಕಿಗೂ ಅಷ್ಟಷ್ಟು ಕೊಟ್ಟರೂ ಅದನ್ನು ಹಂಚಿಕೊಂಡರೆ ಸಂಜೆ ಹೊತ್ತು ವಿಡಿಯೊ ನಿಂತು ನಿಂತು ಓಡುತ್ತದೆ. ಆದರೆ ಕರೆ, ಹಣ ಪಾವತಿ, ಪಡಿತರದ ದೃಢೀಕರಣ, ವೈದ್ಯರಿಗೆ ಕಳಿಸುವ ಒಂದು ಚಿತ್ರ ಇವಕ್ಕೆ ಬೇಕಾದದ್ದು ಕಡಿಮೆ ವೇಗ, ತಪ್ಪದ ಸಿಗ್ನಲ್. ಉದ್ದದ ಅಲೆ ನೆಲಗಟ್ಟು ಹಾಕಬೇಕು. ಹಳ್ಳಿಯ ಶಾಲೆ, ಪಂಚಾಯಿತಿ, ಆಸ್ಪತ್ರೆಯ ಸುತ್ತ ಗಿಡ್ಡ ಅಲೆಯ ವೇಗ ಅದರ ಮೇಲೆ ಬರಬೇಕು. ವೇಗವಿಲ್ಲದ ಸಿಗ್ನಲ್ ಅಪೂರ್ಣ ಸೇವೆ. ಸಿಗ್ನಲ್ಲೇ ಇಲ್ಲದ ವೇಗ ಸೇವೆಯೇ ಅಲ್ಲ.

ಎರಡನೆಯ ಆಕ್ಷೇಪ ಹಣದ್ದು: ನಷ್ಟವಾಗುವ ಕಡೆ ಟವರ್ ನಿಲ್ಲಿಸು ಎಂದು ಕಂಪನಿಗೆ ಹೇಳುವುದು ಹೇಗೆ? ಅದಕ್ಕೆ ದೇಶ ಆಗಲೇ ಉತ್ತರ ಕಂಡುಕೊಂಡಿದೆ. ಕಂಪನಿಗಳ ವರಮಾನದಿಂದ ಶೇ 5ರಷ್ಟು ಪಾಲು ಸಾರ್ವತ್ರಿಕ ಸೇವಾ ನಿಧಿಗೆ ಹೋಗುತ್ತದೆ. 2007ರ ಯೋಜನೆಯಲ್ಲಿ ಆ ಹಣದಿಂದ ದೇಶದಲ್ಲಿ ಏಳು ಸಾವಿರಕ್ಕೂ ಹೆಚ್ಚು ಟವರುಗಳು ಗ್ರಾಮೀಣ ಭಾಗದಲ್ಲಿ ಎದ್ದವು, ಹಲವು ಕಂಪನಿಗಳು ಅವನ್ನು ಹಂಚಿಕೊಂಡವು. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಗೆ 2,100ರ ಜೊತೆ 700 ಮೆಗಾಹರ್ಟ್ಸ್ ಬಳಸುತ್ತಿರುವುದೂ ಇದೇ ದಾರಿಯಲ್ಲಿ ಸರಿಯಾದ ಹೆಜ್ಜೆ. ಮೂರನೆಯದಾಗಿ, ಆಪ್ಟಿಕಲ್ ಫೈಬರ್ ಮತ್ತು ಉಪಗ್ರಹ ಬಂದ ಮೇಲೆ ಈ ಚರ್ಚೆಯೇ ಬೇಡ ಎನ್ನುವವರಿದ್ದಾರೆ. ಭಾರತ್‌ನೆಟ್ ಫೈಬರನ್ನು ಗ್ರಾಮ ಪಂಚಾಯಿತಿಯವರೆಗೆ ತರುವ ಯೋಜನೆ. ಅಲ್ಲಿಂದ ಮುಂದೆ ಹೊಲದಲ್ಲಿರುವ, ದಾರಿಯಲ್ಲಿರುವ ಮನುಷ್ಯನನ್ನು ತಲುಪುವುದು ಅಲೆಯೇ. ಉಪಗ್ರಹಕ್ಕೆ ತೆರೆದ ಆಕಾಶ ಬೇಕು, ಪ್ರತ್ಯೇಕ ಉಪಕರಣ ಬೇಕು, ಅದರ ಸಾಮರ್ಥ್ಯವೂ ದೊಡ್ಡ ಪ್ರದೇಶಕ್ಕೆ ಹಂಚಿ ಹೋಗುವಂಥದ್ದು. ಫೈಬರ್ ಟವರಿಗೆ ಬೆನ್ನೆಲುಬು, ಉಪಗ್ರಹ ಕೊನೆಯ ಆಸರೆ. ಎರಡೂ ಬೇಕು, ಎರಡೂ ಉದ್ದದ ಅಲೆಯ ಜಾಗ ತುಂಬಲಾರವು.

ಆದ್ದರಿಂದ ಮಾಡಬೇಕಾದದ್ದು ಅಸ್ಪಷ್ಟವಾಗಿಲ್ಲ. ಒಂದು ಗಿಗಾಹರ್ಟ್ಸ್‌ಗಿಂತ ಕೆಳಗಿನ ಪ್ರತಿಯೊಂದು ಪರವಾನಗಿಯ ಜೊತೆಗೂ ಹಳ್ಳಿಗಳ ಪಟ್ಟಿ ಇರಬೇಕು. ಹೊಣೆಯನ್ನು ಪುರಸಭೆಯ ಗಡಿಯಲ್ಲಿ, ಬ್ಲಾಕ್ ಕೇಂದ್ರದಲ್ಲಿ ಅಳೆಯದೆ ಜನವಸತಿ ಎಣಿಸಿ, ಮನೆಯೊಳಗಿನ ಸಿಗ್ನಲ್ ನೋಡಿ ಅಳೆಯಬೇಕು. ಕೊಂಡವರು ನಿಗದಿತ ಕಾಲದಲ್ಲಿ ಬಳಸದ ಆವರ್ತನ ಆ ಜಿಲ್ಲೆಯ ಮಟ್ಟಿಗಾದರೂ ಬೇರೆಯವರ ಬಳಕೆಗೆ ತೆರೆಯಬೇಕು. ಹರಾಜಿನ ಬೆಲೆ ಕಟ್ಟುವಾಗ ಖಾಲಿ ಉಳಿದ ವರ್ಷಗಳ ನಷ್ಟವೂ ಲೆಕ್ಕಕ್ಕೆ ಬರಬೇಕು. ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಿಗೆ ಮೇಲಿನ ಆವರ್ತನಗಳಲ್ಲಿ ಸ್ಥಳೀಯ ಪರವಾನಗಿಯನ್ನು ಸುಲಭವಾಗಿ ಕೊಟ್ಟರೆ ಕೆಳಗಿನ ಆವರ್ತನಗಳ ಮೇಲಿನ ಒತ್ತಡವೂ ಇಳಿಯುತ್ತದೆ. ಮೈಸೂರಿನ 30 ವಾಟ್‌ನ ಯಂತ್ರದಿಂದ ರಾಯಚೂರಿನ ತಂತಿಬಲೆಯ ಆಂಟೆನಾದವರೆಗೆ ನಮ್ಮ ಹಿಂದಿನವರು ತೋರಿಸಿದ್ದು ಇದನ್ನೇ: ಯಾರನ್ನು ತಲುಪಬೇಕು ಎಂದು ಮೊದಲು ಗೊತ್ತು ಮಾಡಿಕೊಂಡರೆ ಅದಕ್ಕೆ ತಕ್ಕ ಅಲೆಯನ್ನು ಹುಡುಕಿಕೊಳ್ಳುವಷ್ಟು ವಿದ್ಯೆ ನಮಗಿದೆ. ಬೆಲೆಯನ್ನು ಮೊದಲು ಗೊತ್ತು ಮಾಡಿ ಜನರನ್ನು ಆಮೇಲೆ ಹುಡುಕಿದ ಕಾಲದಲ್ಲಿ ದೂರವೂ ಸಿಗಲಿಲ್ಲ, ಅಲೆಯೂ ಬಳಕೆಗೆ ಬರಲಿಲ್ಲ. ತುಮಕೂರು ಜಿಲ್ಲೆಯ ಮುಂದಿನ ಟವರುಗಳ ಯೋಜನೆ ಹಾಕುವವರು ಕಾರ್ಖಾನೆಯ ಕಾಂಪೌಂಡಿನ ಒಳಗಿನ ವೇಗವನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಅದರ ಹೊರಗಿನ ದೂರವನ್ನೂ ಅಳೆಯಲಿ.